ನಮ್ಮ ಕಡೆಯ ಹಿರಿಯರು

ಬ್ಯಾಂಕಿನವರು ಕೇಳಿದ್ದನ್ನೆಲ್ಲ ನಾನು ಕೊಟ್ಟಿದ್ದೆ. ಸಾಲ ಮಂಜೂರಾದ ದಿನ ಮನೆ ಸಿಕ್ಕೇಬಿಟ್ಟಿತು ಎಂದು ಹಿಗ್ಗಿ, ಗೋಕಾಕದ ನನ್ನ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಶಿರಾ ಮಾಡಿಕೊಂಡು ತಿಂದೆ. ಬ್ಯಾಂಕಿನವರು ಕೇಳದೆ ಬಿಟ್ಟದ್ದು ಒಂದೇ: ನಿಮ್ಮ ಕಡೆಯ ಹಿರಿಯರು ಯಾರು?

ನಮ್ಮಲ್ಲಿ ಮನೆ ವ್ಯವಹಾರವೂ ಹೆಚ್ಚುಕಡಿಮೆ ಮದುವೆ ಮಾತುಕತೆಯೇ. ಕೊಡುವವರ ಕಡೆಯವರು, ಕೊಳ್ಳುವವರ ಕಡೆಯವರು ಎದುರುಬದುರು ಕೂತು, ಮಾತು ಮುಗಿಸಿ, ಸಕ್ಕರೆ ಹಂಚಬೇಕು. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಯಾರು ಎಷ್ಟು ಹೆಚ್ಚಿಗೆ ಕೊಡುತ್ತೇನೆಂದರೂ ಮಾತು ತಿರುಗಿಸುವಂತಿಲ್ಲ. ನಾನು ಮೂಡಲಗಿಯಲ್ಲಿ ನರ್ಸ್. ಮದುವೆಯಾಗಲಿಲ್ಲ, ಅಪ್ಪ ಅವ್ವ ಇಲ್ಲ. ಇರುವ ಒಬ್ಬ ಅಣ್ಣ ಹುಕ್ಕೇರಿಯಾಚೆ ಕಣಗಲಾದಲ್ಲಿದ್ದಾನೆ.

ಮೊದಲು ಮೂಡಲಗಿಯಲ್ಲೇ ಒಂದು ಮನೆ ನೋಡಿದೆ. "ಹಿರ್ಯಾರನ್ನ ಕರ್ಕೊಂಡ ಬರ್ರಿ ಬಾಯಾರ, ಮಾತಾಡೂಣು" ಎಂದ ಮನೆಯಾತ. ಪಗಾರ ನನ್ನದು, ಸಾಲ ನನ್ನದು, ಮಾತಾಡಲು ಮಾತ್ರ ಮೀಸೆ ಬೇಕು! ಸಿಟ್ಟು ನುಂಗಿಕೊಂಡು ಅಣ್ಣನಿಗೆ ಫೋನ್ ಮಾಡಿದೆ.

"ಒಬ್ಬಾಕಿಗೆ ಮನಿ ಯಾಕ ಬೇಕ? ನಮ್ಮ ಮನಿ ಇಲ್ಲೇನ?" ಎಂದ. ಹಬ್ಬಕ್ಕೆ ಹೋದರೆ ನನ್ನ ಚೀಲ ಇಡಲೂ ಜಾಗ ಹುಡುಕುವ ಮನೆ ಅದು. ಕೊನೆಗೆ, ಮುಂದಿನ ವಾರ ನೋಡೋಣ ಎಂದ. ಅಷ್ಟರೊಳಗೆ ಮಮದಾಪುರದವರು ಯಾರೋ ಗಾಡಿ ತುಂಬ ಜನರನ್ನು ತಂದು ಸಕ್ಕರೆ ತಿಂದು ಹೋಗಿದ್ದರು. ಹುಕ್ಕೇರಿಯಲ್ಲಿ ನೋಡಿದ ಮನೆಯದೂ ಅದೇ ಕತೆ. ಮಕ್ಕಳ ಶಾಲೆಗೆಂದು ಹಳ್ಳಿಹಳ್ಳಿಯವರು ಪೇಟೆಯಲ್ಲಿ ಮನೆ ಹುಡುಕುತ್ತಿದ್ದಾರೆ. ಮಾರುವ ಸುದ್ದಿ ನಮ್ಮ ಕಿವಿಗೆ ಬೀಳುವ ಮೊದಲೇ ಮನೆ ಕೈಬಿಟ್ಟು ಹೋಗಿರುತ್ತದೆ.

ಮೂರನೆಯದು ಗೋಕಾಕದಲ್ಲೇ ಸಿಕ್ಕಿತು. ಎರಡೇ ಕೋಣೆ, ಹಿತ್ತಲಲ್ಲಿ ನುಗ್ಗೆಗಿಡ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಾಗಲೇ ಇದು ನನಗೆ ಬೇಕು ಅನಿಸಿತು. ಮಾರುವವರು ಮರದ ಸಾಮಾನಿನ ಅಂಗಡಿ ಇಟ್ಟಿದ್ದ ಮುಸ್ಲಿಂ ಹಿರಿಯರು.

"ಶುಕ್ರವಾರ ನಮಾಜ್ ಮುಗದ ಮ್ಯಾಲ ಬರ್ರಿ," ಎಂದರು. "ಸಂಜೀಕ ಇನ್ನೊಂದ ಪಾರ್ಟಿ ಬರೂದೈತಿ. ನಿಮ್ಮ ಹಿರ್ಯಾರು ಬೇಕ ನೋಡ್ರಿ."

ಈ ಸಲ ಅಣ್ಣನನ್ನು ಕೇಳಲಿಲ್ಲ. ನನ್ನ ಖೋಲಿಯ ಮಾಲಕರನ್ನು ಕೇಳಿದೆ. ಬಾಡಿಗೆಗೆ ಬಂದ ಮೊದಲ ದಿನದಿಂದಲೂ ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಅವರ ಕಾಲಿಗೆ ಹುಣ್ಣಾದಾಗ ದಿನಾ ಪಟ್ಟಿ ಕಟ್ಟಿದ್ದೆ. "ಆತ ಬಿಡವಾ, ಬರ್ತೇನಿ" ಎಂದರು. ಅಷ್ಟಕ್ಕೇ ಕಣ್ಣು ತುಂಬಿ ಬಂತು. ಆ ವಾರವೆಲ್ಲ ಬಸ್ಸಿನಲ್ಲಿ ಕೂತು ಅದೊಂದೇ ಯೋಚನೆ: ಇವರು ಯಾರು ಎಂದು ಅಲ್ಲಿ ಕೇಳಿದರೆ ಕಾಕಾ ಏನನ್ನಬಹುದು? "ನಮ್ಮ ಹುಡುಗಿ" ಅಂದಾರು. ಅನ್ನಲಿ ಎಂದು ಆಸೆಪಟ್ಟೆ.

ಶುಕ್ರವಾರ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕಾಕಾನ ಜೊತೆ ಹೋದೆ. ಆ ಹಿರಿಯರು ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ನನ್ನನ್ನು ಬಿಟ್ಟು ಕಾಕಾನ ಕಡೆ ತಿರುಗಿದರು.

"ಈ ಬಾಯಾರು ನಿಮಗ ಏನಾಗಬೇಕ್ರಿ?"

ನಾನು ಕಪ್ಪು ಕೆಳಗಿಟ್ಟೆ. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, "ನಮ್ಮ ಬಾಡಿಗಿಯವ್ರರಿ" ಎಂದರು.

ನಾನು ಕಪ್ಪನ್ನು ಮತ್ತೆ ಕೈಗೆತ್ತಿಕೊಂಡೆ. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಭಾಳ ಚಲೋ ಮಂದಿ. ಒಂದ ತಿಂಗಳಾನೂ ಬಾಡಿಗಿ ತಡಾ ಮಾಡಿಲ್ಲ. ಗದ್ಲಿಲ್ಲ, ಗಲಾಟಿಲ್ಲ. ಬರಾವ್ರಿಲ್ಲ, ಹೋಗಾವ್ರಿಲ್ಲ."

ಮನೆಯ ಹಿರಿಯರು ಮೊಣಕಾಲು ತಟ್ಟಿ ನಕ್ಕರು. "ಬೀಗರು ಬಿಜ್ಜರು ಆದ್ರ ಸುಳ್ಳ ಹೊಗಳ್ತಾರು. ಮನಿ ಮಾಲಕನ ಬಾಡಿಗಿಯವ್ರ ಪರವಾಗಿ ಬಂದಾನಂದ್ರ ಇನ್ನೇನ ಬೇಕ್ರಿ? ಬಾಜೂಕ ನಾವ ಇರ್ತೇವಿ, ನಮಗೂ ಹಿಂತಾವ್ರ ಬೇಕಾಗಿತ್ತು." ಒಳಗಿನಿಂದ ಸಕ್ಕರೆ ಬಂತು. ಸಂಜೆಯ ಪಾರ್ಟಿಗೆ ಬರಬೇಡಿರೆಂದು ನನ್ನೆದುರೇ ಫೋನಾಯಿತು. ಎರಡು ಊರು ಸುತ್ತಿದರೂ ಸಿಗದ ಮನೆ ಆ ಒಂದು ಮಾತಿಗೆ ಸಿಕ್ಕಿತ್ತು. ನಮ್ಮ ಹುಡುಗಿ ಎಂದಿದ್ದರೆ ಸಿಗುತ್ತಿತ್ತೋ ಇಲ್ಲವೋ. ನಾನು ಸಕ್ಕರೆ ತಿಂದು, ಎಲ್ಲರಿಗೂ ನಮಸ್ಕಾರ ಮಾಡಿದೆ. ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಆ ಖುಷಿಯನ್ನು ಯಾರಿಗೆ ಹೇಳಲಿ ಎಂದು ಹೊಳೆಯಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅವರು ಖುಷಿಯಾಗಿದ್ದರು.

"ಚಲೋ ಆತ ನೋಡ. ಹಂಗಾರ ಖೋಲಿ ಯಾವಾಗ ಖಾಲಿ ಮಾಡ್ತಿ? ಮೂರ ಮಂದಿ ಕೇಳಾಕತ್ತಾರ."

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಖೋಲಿ ಇರುವ ಯಾರೇ ಆದರೂ ಅದನ್ನೇ ಕೇಳುತ್ತಿದ್ದರು.

"ಮುಂದಿನ ತಿಂಗಳ ಬಿಡ್ತೇನ್ರಿ, ಮಾಲಕರ" ಎಂದೆ.

ನಾನು ಕಾಕಾ ಎನ್ನಲಿಲ್ಲ ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ.