ಅಕ್ಕೋರು ನೋಡಬೇಕೆಂದ ಹುಳು

ನಿನ್ನೆ ಬ್ಯಾಡಗಿಯಲ್ಲಿ ಬಸ್ಸಿಳಿದ ಕೂಡಲೇ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯಿತು. ಸೀನುತ್ತಲೇ ಮನಸ್ಸಿನಲ್ಲಿ ನಮ್ಮ ಶಾಲೆಯ ಐದನೇ ಇಯತ್ತೆಯ ಕೋಣೆಗೆ ಹೋಗಿಬಿಟ್ಟೆ. ಸುಗ್ಗಿಯಲ್ಲಿ ಅಲ್ಲಿ ಪಾಠಕ್ಕಿಂತ ಸೀನೇ ಹೆಚ್ಚು.

ಆಗ ನನಗೆ ಹುಳುಗಳ ಹುಚ್ಚು. ಎಕ್ಕೆಗಿಡದ ಪಟ್ಟೆಪಟ್ಟೆ ಹುಳುವನ್ನು ಎಲೆ ಸಮೇತ ಡಬ್ಬಿಯಲ್ಲಿ ಸಾಕುತ್ತಿದ್ದೆ. ಹುಡುಗರು ನನ್ನನ್ನು 'ಹುಳದವ್ವ' ಅನ್ನುತ್ತಿದ್ದರು. ಒಂದು ದಿನ ನನ್ನ ಹಿಂದೆ ಕೂರುತ್ತಿದ್ದ ಬಸ್ಯಾ ಡಬ್ಬಿ ಕಸಿದು, ಹುಳುವನ್ನು ನೆಲಕ್ಕೆ ಹಾಕಿ ತುಳಿದ. ಎಲ್ಲರೂ ನಕ್ಕರು. ಮನೆಗೆ ಬಂದು ಅತ್ತರೆ ಅವ್ವ, "ಆ ಹುಳದ ಗೊಡವಿ ಬಿಟ್ಟರ ಯಾರೂ ಕಾಡಂಗಿಲ್ಲ" ಎಂದಳು. ಬಿಟ್ಟೇಬಿಡೋಣ ಅಂದುಕೊಂಡೆ.

ಸುದ್ದಿ ತಿಳಿದ ಅಕ್ಕೋರು, ನಮ್ಮ ಟೀಚರು, ಮರುದಿನ ಪಾಠದ ನಡುವೆ ಪುಸ್ತಕ ಮುಚ್ಚಿಟ್ಟರು. "ಹುಳಾ ಬಿಡು ಅಂತ ನಾ ಆಕಿಗೆ ಹೇಳಂಗಿಲ್ಲ. ಕಾಡೋದು ಬಿಡ್ರಿ ಅಂತ ನಿಮಗ ಹೇಳಾಕತ್ತೇನಿ." ದನಿ ಏರಿಸಲಿಲ್ಲ. ಬಸ್ಯಾ ತಲೆ ತಗ್ಗಿಸಿ, "ತಪ್ಪಾತು" ಅಂದ. ಆಮೇಲೆ ಅಕ್ಕೋರು ನನ್ನ ಕಡೆ ತಿರುಗಿದರು. "ಇನ್ನೊಂದು ಹುಳಾ ತರ್ತೀಯೇನವ್ವಾ? ನನಗೂ ನೋಡೋದೈತಿ."

ತಂದುಕೊಟ್ಟ ಹುಳುವನ್ನು ಅವರು ತಮ್ಮ ಮೇಜಿನ ಮೇಲೇ ಇಟ್ಟುಕೊಂಡರು. ಕೋಶ ಒಡೆದು ಕೇಸರಿ ಚಿಟ್ಟೆ ಹೊರಬಂದ ದಿನ ಇಡೀ ಕೋಣೆ ಉಸಿರು ಬಿಗಿಹಿಡಿದು ಕೂತಿತ್ತು. ಅದು ಹಾರಿಹೋಗಲೆಂದು ಎದ್ದು ಕಿಟಕಿ ತೆರೆದವನು ಬಸ್ಯಾ. ಯಾರೂ ಅವನಿಗೆ ಹೇಳಿರಲಿಲ್ಲ.

ಆ ಬೇಸಿಗೆಯಲ್ಲೇ ಅಕ್ಕೋರಿಗೆ ವರ್ಗವಾಯಿತು. ಈಗ ಯಾವ ಊರಲ್ಲಿದ್ದಾರೋ ಗೊತ್ತಿಲ್ಲ. ನಿನ್ನೆ ಸಾಲಿ ಗೇಟಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಸಿಗುವುದಿಲ್ಲವೆಂದು ಗೊತ್ತಿದ್ದೂ, ಒಳಗಿನಿಂದ ಬರುವ ದನಿಗಳಲ್ಲಿ ಅವರ ದನಿ ಹುಡುಕಿದೆ.