ಹೆಬ್ಬೆರಳು ಕೇಳದ ಚಿನ್ನ

ನಾಲ್ಕನೇ ಸಲವೂ ಬ್ಯಾಂಕಿನ ಯಂತ್ರ ದಿಲ್‌ಶಾದ್ ಅವರ ಹೆಬ್ಬೆರಳನ್ನು ಒಪ್ಪಲಿಲ್ಲ. ಕೌಂಟರಿನಾಕೆ ಬೆರಳನ್ನು ಒರೆಸಿ, ತಾನೇ ಒತ್ತಿ ಹಿಡಿದು ನೋಡಿದಳು. ಮತ್ತೆ ಕೆಂಪು ದೀಪ. "ಗೆರೆನೇ ಇಲ್ವಲ್ಲ ಆಂಟಿ!" ಎಂದಳು.

ರಾಮನಗರದ ನಮ್ಮ ಬೀದಿಯ ದಿಲ್‌ಶಾದ್ ಮೂವತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚುವವರು. ಸುಡುನೀರಿಗೆ ಕೈಹಾಕಿ ಗೂಡಿನ ಎಳೆ ಹುಡುಕುವ ಕೆಲಸ. ಮುಪ್ಪಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಬಳೆ ಮಾಡಿಸಲು ಹೊರಟಿದ್ದವರನ್ನು ತಡೆದು ಬ್ಯಾಂಕಿಗೆ ಕರೆತಂದವಳು ನಾನು, ನಿವೃತ್ತ ಶಿಕ್ಷಕಿ. ಬಳೆಗಾದರೆ ಮಜೂರಿ ದಂಡ, ಕಳ್ಳರ ಭಯ ಬೇರೆ. ಕಾಗದದ ಚಿನ್ನ, ಅಂದರೆ ಚಿನ್ನದ ಬಾಂಡು, ಖಾತೆಯಲ್ಲಿ ಭದ್ರವಾಗಿರುತ್ತದೆ ಎಂದು ವಾರಗಟ್ಟಲೆ ಪಾಠ ಮಾಡಿದ್ದೆ.

ಬೆರಳು ಬೇಡ, ಮೊಬೈಲಿಗೆ ಬರುವ ಒಟಿಪಿ ಹೇಳಿದರೂ ಸಾಕು ಎಂದಳು ಕೌಂಟರಿನಾಕೆ. ದಿಲ್‌ಶಾದ್ ಸೆರಗು ಸರಿಮಾಡಿಕೊಂಡು ಎದ್ದುಬಿಟ್ಟರು.

"ಫೋನು ಮಗನ್ ತಾವ ಐತೆ ಟೀಚರಮ್ಮ. ನನ್ ಚಿನ್ನ ತಗಿಯಾಕೆ ಅವ್ನನ್ನ ಕೇಳ್ಬೇಕಾ? ಬಳೆ ಆದ್ರೆ ಯಾರ್ನೂ ಕೇಳಂಗಿಲ್ಲ, ನನ್ ಬೆರಳ್ನೂ ಕೇಳಂಗಿಲ್ಲ."

ಅದೇ ವಾರ ಅವರು ಬಳೆಯನ್ನೇ ಮಾಡಿಸಿದರು.

ಈಗಲೂ ನನ್ನ ಉಳಿತಾಯವೆಲ್ಲ ಕಾಗದದ ಚಿನ್ನದಲ್ಲೇ ಇದೆ; ಆದರೆ ಬೇರೆಯವರಿಗೆ ಪಾಠ ಹೇಳುವುದನ್ನು ಬಿಟ್ಟಿದ್ದೇನೆ. ನಿವೃತ್ತಿಯ ದಿನ ಉಟ್ಟಿದ್ದ ರೇಷ್ಮೆ ಸೀರೆಯನ್ನು ಮೊನ್ನೆ ಬೀರುವಿನಿಂದ ತೆಗೆದಾಗ ಬಹಳ ಹೊತ್ತು ಅದರ ನುಣುಪನ್ನು ಸವರುತ್ತ ಕುಳಿತೆ. ಯಾರದೋ ಬೆರಳಿನ ಗೆರೆಗಳು ಸವೆದದ್ದು ಇದಕ್ಕೇ.