ಓಣಿಯನ್ನು ಮತ್ತೆ ಸೌದೆಗೆ ಕಳಿಸದ ಗ್ಯಾಸಕ್ಕ

ಬೆಳಗಿನ ಐದೂವರೆ. ಮೊಣಕೈವರೆಗೂ ಸಗಣಿ ಮೆತ್ತಿಕೊಂಡು, ಗೋಬರ್ ಗ್ಯಾಸ್ ತೊಟ್ಟಿಯ ಬಾಯಿಗೆ ಮೂಗೊಡ್ಡಿ ಕೂತಿದ್ದಾರೆ ಗ್ಯಾಸಕ್ಕ. ಮೂಸಿದ್ದೇ ತಡ, ಮುಖ ಗಂಟಿಕ್ಕುತ್ತದೆ.

"ಅಜ್ಜಿ, ಫಿನಾಯಿಲ್ ಹಾಕಿದ್ರಾ?"

ಹಾಕಿದ್ದಾರೆ. ಇವತ್ತು ಗ್ಯಾಸ್ ತೊಟ್ಟಿಗಳ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಆ ಮನೆಯ ಅಜ್ಜಿ ನಾಲ್ಕು ದಿನದಿಂದ ಕೊಟ್ಟಿಗೆಯನ್ನು ಫಿನಾಯಿಲ್ ಹಾಕಿ ತೊಳೆದು ಥಳಥಳ ಅನ್ನಿಸಿದ್ದಾರೆ. ಆ ನೀರೆಲ್ಲ ತೊಟ್ಟಿಗಿಳಿದು, ಸಗಣಿಯಿಂದ ಗ್ಯಾಸ್ ಹುಟ್ಟಿಸುವ ಜೀವಾಣುಗಳೇ ಸತ್ತಿವೆ. ಒಲೆ ಆರಿದೆ. ಬೈಯಲು ಪುರುಸೊತ್ತಿಲ್ಲ. ಪಕ್ಕದ ಮನೆಯ ತೊಟ್ಟಿಯಿಂದ ಹುದುಗು ಬಂದ ಬಗ್ಗಡವನ್ನು ಬಕೆಟ್ಟುಗಟ್ಟಲೆ ಹೊತ್ತು ತಂದು ಸುರಿಯುತ್ತಾರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇದು ಮತ್ತೆ ಉರಿಯಲು ಎರಡು ಮೂರು ವಾರವಾದರೂ ಬೇಕು. ಸಾಹೇಬರು ಬರುವುದು ಹನ್ನೊಂದಕ್ಕೆ.

ಹದಿನೈದು ವರ್ಷದ ಹಿಂದೆ ಈ ಓಣಿಯ ಹತ್ತೊಂಬತ್ತು ತೊಟ್ಟಿಗಳಿಗೆ ಗಾರೆ ಹೊತ್ತವರು ಇವರೇ. ಸರ್ಕಾರದ ಯೋಜನೆಯಲ್ಲಿ ಕಟ್ಟಿಸಿದವರು ಫೋಟೊ ಹೊಡೆಸಿಕೊಂಡು ಹೋದರು. ವರ್ಷ ತುಂಬುವುದರೊಳಗೆ ಹನ್ನೊಂದು ಒಲೆ ತಣ್ಣಗಾದವು, ಹೆಂಗಸರು ಮತ್ತೆ ಸೌದೆ ಹೊರಲು ಹೊರಟರು. ಗ್ಯಾಸಕ್ಕ ಮಾತ್ರ ಪಟ್ಟು ಬಿಡಲಿಲ್ಲ. ಪೈಪು ಬಿಚ್ಚಿ, ಬಿರುಕು ಮೆತ್ತಿ, ಕಂಡವರ ನಗೆಗೀಡಾಗುತ್ತಲೇ ಕಲಿತು, ಹನ್ನೊಂದನ್ನೂ ಮತ್ತೆ ಉರಿಸಿದರು. "ನಮ್ಮಮ್ಮ ಹೊಗೆ ಕುಡಿದು ಕುಡಿದೇ ಹೋದ್ಲು," ಎನ್ನುತ್ತಾರೆ. "ಡಾಕ್ಟ್ರು ಕೆಮ್ಮು ಅಂತ ಬರೆದ್ರು. ಒಲೆ ಅಂತ ಯಾರೂ ಬರೀಲಿಲ್ಲ."

ಇವತ್ತು ತಪಾಸಣೆಯಲ್ಲಿ ಸೋತರೆ ದುರಸ್ತಿಯ ಸಾಮಾನು ಬರುವುದು ನಿಲ್ಲುತ್ತದೆ. ಇವತ್ತಲ್ಲ ನಾಳೆ ಹತ್ತೊಂಬತ್ತು ಮನೆಗೂ ಹೊಗೆಯೇ ಗತಿ.

ಸಾಹೇಬರು ನೇರವಾಗಿ ಓಣಿಯ ಮೊದಲ ಮನೆಗೇ ಹೋಗುತ್ತಾರೆ. ಅದು ಅಜ್ಜಿಯ ಮನೆ. ಕಡ್ಡಿ ಗೀರಿದರೆ ಒಲೆ ತುಟಿಪಿಟಿಕ್ಕೆನ್ನುವುದಿಲ್ಲ. ಒಂದು ನೋಡಿದರೆ ಎಲ್ಲ ನೋಡಿದಂತೆ ಎಂದು ಅವರು "ಯೋಜನೆ ವಿಫಲ" ಎಂದು ಗೀಚಿ ಜೀಪಿನತ್ತ ತಿರುಗುತ್ತಾರೆ. ಗ್ಯಾಸಕ್ಕ ಸಗಣಿ ಕೈಯಲ್ಲೇ ಜೀಪಿನ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಸಾಹೇಬರ ಜೊತೆ ಬಂದ ಇಸ್ತ್ರಿ ಅಂಗಿಯವರು ಯಾರೂ ಅವರನ್ನು ಸರಿಸುವ ಧೈರ್ಯ ಮಾಡುವುದಿಲ್ಲ.

"ಇನ್ನೂ ಹದಿನೆಂಟು ಇವೆ ಸಾರ್. ನೋಡಿ, ಆಮೇಲೆ ಬರೀರಿ."

ಬಿಸಿಲಲ್ಲಿ ಬೆವರೊರೆಸಿಕೊಳ್ಳುತ್ತ ಸಾಹೇಬರು ಹದಿನೆಂಟು ಅಡುಗೆಮನೆ ಹೊಕ್ಕು ಹೊರಬರುತ್ತಾರೆ. ಹದಿನೆಂಟರಲ್ಲೂ ಬೆಂಕಿ ನೀಲಿಯಾಗಿ ಏಳುತ್ತದೆ. ಕೊನೆಗೆ ಬರೆದದ್ದನ್ನು ಹೊಡೆದುಹಾಕಿ, ಹದಿನೆಂಟು ಉರಿಯುತ್ತಿವೆ, ಒಂದು ನಿರುಪಯುಕ್ತ ಎಂದು ತಿದ್ದುತ್ತಾರೆ. ಗ್ಯಾಸಕ್ಕ ಅಕ್ಷರಕ್ಕಕ್ಷರ ಕೂಡಿಸಿ ಓದಿ, ಕೊನೆಯ ಪದದ ಮೇಲೆ ಬೆರಳೂರುತ್ತಾರೆ. ಕಾಗದಕ್ಕೆ ಸಗಣಿ ಮೆತ್ತುತ್ತದೆ.

"ಅದು ಸತ್ತಿಲ್ಲ ಸಾರ್, ಹೊಟ್ಟೆ ಕೆಟ್ಟಿದೆ ಅಷ್ಟೇ. ರಿಪೇರಿ ನಡೀತಿದೆ ಅಂತ ಬರೀರಿ. ಯಾರು ಮಾಡ್ತಿದಾರೆ ಅಂತಾನೂ ಬರೀರಿ."